ಬಾತ್‌ರೂಮ್ ಡ್ರೈನ್‌ಗೆ ಕ್ಲೀನ್‌ಔಟ್ ಮತ್ತು ವೆಂಟ್ ಪೈಪ್: ಮೈಸೂರು-ಮಂಡ್ಯದ ಮನೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಗೃಹಪ್ರವೇಶ ಆಗಿ ಎರಡು ತಿಂಗಳೂ ಆಗಿರುವುದಿಲ್ಲ, ಬಾತ್‌ರೂಮ್ ಬಾಗಿಲು ತೆಗೆದರೆ ಗಬ್ಬು ವಾಸನೆ. ಮೇಲಿನ ಮನೆಯವರು ಫ್ಲಶ್ ಮಾಡಿದರೆ ಕೆಳಗಿನ ಮನೆಯ ಜಾಲರಿಯಲ್ಲಿ ಗುಳುಗುಳು ಸದ್ದು. ಫಿನಾಯಿಲ್ ಸುರಿದರೆ ಒಂದು ದಿನ ಸುಮ್ಮನಿರುತ್ತದೆ, ಮತ್ತೆ ಶುರು. ಬೋಗಾದಿ, ದಟ್ಟಗಳ್ಳಿ, ಶ್ರೀರಾಂಪುರ, ಮಂಡ್ಯದ ವಿದ್ಯಾನಗರ, ಎಲ್ಲಿಂದ ಕೇಳಿದರೂ ದೂರು ಇದೇ. ಹೋಗಿ ನೋಡಿದರೆ ಕಾರಣವೂ ಹೆಚ್ಚುಕಡಿಮೆ ಒಂದೇ. ಡ್ರೈನ್ ಪೈಪಿಗೆ ಹೊರಗಿನ ಗಾಳಿ ಕೊಡುವ ವೆಂಟ್ ಪೈಪ್ ಇರುವುದಿಲ್ಲ, ಇಲ್ಲವೇ ಅರ್ಧಕ್ಕೆ ನಿಂತಿರುತ್ತದೆ. ಕಟ್ಟಿಕೊಂಡ ಪೈಪನ್ನು ಬಿಡಿಸಲು ಇಡುವ ಬಾಯಿ, ಅಂದರೆ ಕ್ಲೀನ್‌ಔಟ್, ಇರುವುದಿಲ್ಲ, ಇದ್ದರೂ ಅದರ ಮುಚ್ಚಳ ಗೋಡೆಗೆ ಮುಖ ಮಾಡಿರುತ್ತದೆ.

ಈ ಎರಡನ್ನೂ ಸಂಕನ್ ಸ್ಲ್ಯಾಬ್ (ಪೈಪ್ ಹಾಯಿಸಲು ತಗ್ಗಿಸಿ ಹಾಕಿದ ಬಾತ್‌ರೂಮ್ ನೆಲ) ತುಂಬುವ ಮುಂಚೆಯೇ ಮುಗಿಸಬೇಕು. ಟೈಲ್ಸ್ ಬಿದ್ದ ಮೇಲೆ ನೆನಪಾದರೆ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿಸಿ. ಅಳತೆಗಳಲ್ಲಿ ಹೆಚ್ಚಿನವು ನಮ್ಮ ದೇಶದ ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ 9ನೇ ಭಾಗದವು. ಕ್ಲೀನ್‌ಔಟ್ ಬಗ್ಗೆ ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್ ಹೆಚ್ಚು ಬಿಡಿಸಿ ಹೇಳುತ್ತದೆ, ಅಲ್ಲಿ, ಮತ್ತೆ ಇನ್ನೆರಡು ಕಡೆ, ಅದರ ಅಳತೆ ಕೊಟ್ಟಿದ್ದೇನೆ. ಮುಂದೆ ಯೂನಿಫಾರ್ಮ್ ಕೋಡ್ ಎಂದರೆ ಇದೇ.

ವಾಸನೆ ಒಳಗೆ ಬರುವುದು ಹೇಗೆ?

ಕಮೋಡಿನಲ್ಲಿ, ನೆಲದ ಜಾಲರಿ ಕೆಳಗಿನ ನಹನಿ ಟ್ರ್ಯಾಪ್‌ನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಪೈಪಿನ ಗ್ಯಾಸ್ ಮನೆಯೊಳಗೆ ಬರದಂತೆ ತಡೆಯುವುದು ಆ ನೀರು ಮಾತ್ರ. ಅದರ ಆಳ ಕನಿಷ್ಠ 50 ಮಿ.ಮೀ., ಅಂದರೆ ಎರಡು ಇಂಚು ಇರಬೇಕು.

ಮೇಲಿಂದ ಒಂದು ಫ್ಲಶ್ ನೀರು ಪೈಪಿನಲ್ಲಿ ಇಳಿಯುವಾಗ ಮುಂದಿರುವ ಗಾಳಿಯನ್ನು ತಳ್ಳುತ್ತದೆ, ಹಿಂದಿನ ಗಾಳಿಯನ್ನು ಎಳೆಯುತ್ತದೆ. ಪೈಪಿಗೆ ಹೊರಗಿನಿಂದ ಗಾಳಿ ಸಿಗದಿದ್ದರೆ ಅದು ಟ್ರ್ಯಾಪ್ ಮೂಲಕ ಎಳೆದುಕೊಳ್ಳುತ್ತದೆ. ಆಗ ಟ್ರ್ಯಾಪ್‌ನ ನೀರೂ ಜೊತೆಗೆ ಹೋಗುತ್ತದೆ. ತುಂಬಿದ ಬಾಟಲಿಯನ್ನು ಬೋರಲು ಹಾಕಿದರೆ ಗುಳುಗುಳು ಅಂತ ಗಾಳಿ ಎಳೆದುಕೊಳ್ಳುತ್ತದಲ್ಲ, ಅದೇ ಸದ್ದು ಇದು. ನೀರು ಹೋಯಿತೆಂದರೆ ವಾಸನೆಗೆ ದಾರಿ ಬಿಟ್ಟಂತೆಯೇ.

ಹಂತ 1: ಮೊದಲು ಕಾಗದದ ಮೇಲೆ ಗೆರೆ ಎಳೆಯಿರಿ

ಕೊಳೆ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಊರೊಳಗಿನ ಬಡಾವಣೆಯಾದರೆ ಯುಜಿಡಿ (ಊರಿನ ಒಳಚರಂಡಿ) ಲೈನ್ ಇರುತ್ತದೆ. ಸಂಪರ್ಕಕ್ಕೆ ಮೈಸೂರಿನಲ್ಲಿ ಪಾಲಿಕೆ ಕಡೆಯಿಂದ, ಮಂಡ್ಯದಲ್ಲಿ ನಗರಸಭೆ ಕಡೆಯಿಂದ ಅನುಮತಿ ಬೇಕು. ರಸ್ತೆ ಅಗೆಯುವ ಅನುಮತಿಯನ್ನೂ ಆಗಲೇ ಕೇಳಿ. ಹೊರವಲಯದ ಖಾಸಗಿ ಲೇಔಟಾದರೆ ಸೆಪ್ಟಿಕ್ ಟ್ಯಾಂಕ್ ಇರಬಹುದು. ರಸ್ತೆಯ ಮ್ಯಾನ್‌ಹೋಲ್ ಎಷ್ಟು ಆಳದಲ್ಲಿದೆ ಎಂದು ತಿಳಿಯದೆ ಮನೆಯೊಳಗಿನ ಪೈಪಿಗೆ ಮಟ್ಟ ಹಾಕಬೇಡಿ.

ನಂತರ ಸೈಟಿನ ನಕ್ಷೆಯಲ್ಲಿ ಸಂಪು, ಬಾತ್‌ರೂಮು, ಅಡುಗೆಮನೆ, ಚೇಂಬರುಗಳನ್ನು (ಕೊಳೆ ನೀರಿನ ಪೈಪುಗಳು ಸೇರುವ, ಮುಚ್ಚಳವಿರುವ ಗುಂಡಿಗಳು) ಗುರುತಿಸಿ. 30×40 ಸೈಟಿನಲ್ಲಿ ಜಾಗ ಕಡಿಮೆ, ಆದರೂ ಸಂಪು ಒಂದು ಬದಿ, ಕೊಳೆ ನೀರಿನ ಲೈನ್ ಇನ್ನೊಂದು ಬದಿ ಬರುವಂತೆ ನೋಡಿಕೊಳ್ಳಿ. ಇದರಲ್ಲಿ ರಾಜಿ ಮಾಡಿಕೊಳ್ಳಲೇಬೇಡಿ. ಕುಡಿಯುವ ನೀರಿನ ಪಕ್ಕದಲ್ಲಿ ಚೇಂಬರ್ ಸೋರಿದರೆ ಮನೆಮಂದಿಗೆಲ್ಲ ಕಾಯಿಲೆ.

ಕಮೋಡಿನ ಪೈಪನ್ನೂ ಸ್ನಾನ, ವಾಷ್ ಬೇಸಿನ್ನಿನ ಪೈಪನ್ನೂ ಬೇರೆ ಬೇರೆ ಇಳಿಸಿ. ಕಮೋಡಿನದು ನೇರ ಚೇಂಬರಿಗೆ, ಸ್ನಾನದ್ದು ಗಲ್ಲಿ ಟ್ರ್ಯಾಪ್ (ಮನೆಯ ಹೊರಗೆ ನೆಲದಲ್ಲಿ ಕೂರಿಸುವ, ಜಾಲರಿ ಇರುವ ಟ್ರ್ಯಾಪ್) ಮೂಲಕ ಚೇಂಬರಿಗೆ. ಎರಡನ್ನೂ ಒಂದೇ ಪೈಪಿಗೆ ಸೇರಿಸುವ ಪದ್ಧತಿಯೂ ಇದೆ, ಆದರೆ ಅದಕ್ಕೆ ಲೆಕ್ಕಾಚಾರ ಪಕ್ಕಾ ಇರಬೇಕು. ಎರಡು-ಮೂರು ಅಂತಸ್ತಿನ ಮನೆಗೆ ಬೇರೆ ಬೇರೆ ಇಳಿಸುವುದೇ ಒಳ್ಳೆಯದು.

ಮಳೆನೀರಿನ ಪೈಪನ್ನು ಈ ಎರಡಕ್ಕೂ ಸೇರಿಸಬಾರದು. ಜೋರು ಮಳೆಯಲ್ಲಿ ಲೈನ್ ತುಂಬಿ ಕೊಳೆ ನೀರು ಕೆಳಗಿನ ಬಾತ್‌ರೂಮಿಗೆ ವಾಪಸ್ ನುಗ್ಗುತ್ತದೆ.

ಹಂತ 2: ಸಾಮಾನು ಮತ್ತು ಸಲಕರಣೆ

ಅಂಗಡಿಯಲ್ಲಿ ಸುಮ್ನೆ "ನಾಲ್ಕು ಇಂಚಿನ ಪಿವಿಸಿ ಕೊಡಿ" ಅನ್ನಬೇಡಿ. ಪೈಪಿನ ಮೇಲೆ ಐಎಸ್ (ಭಾರತೀಯ ಮಾನದಂಡ) 13592 ಎಂದೂ ಟೈಪ್ ಬಿ ಎಂದೂ ಅಚ್ಚಾಗಿರಬೇಕು. ಅದೇ ನಂಬರಿನಲ್ಲಿ ಟೈಪ್ ಎ ಕೂಡ ಬರುತ್ತದೆ. ಅದು ತೆಳು, ಮಳೆನೀರಿಗೂ ವೆಂಟ್‌ಗೂ ಸಾಕು. ಕೊಳೆ ನೀರು ಹೋಗುವ ಕಡೆ ಅದು ಬೇಡ. 110 ಮಿ.ಮೀ. ಪೈಪಿನಲ್ಲಿ ಟೈಪ್ ಬಿ ಕನಿಷ್ಠ 3.2 ಮಿ.ಮೀ. ದಪ್ಪ ಇರುತ್ತದೆ. ಲೋಡ್ ಇಳಿಸುವಾಗಲೇ ಒಂದೊಂದು ಪೈಪಿನ ಅಚ್ಚನ್ನೂ ಓದಿ.

ಕಮೋಡಿಗೆ 110 ಮಿ.ಮೀ., ನಹನಿ ಟ್ರ್ಯಾಪ್‌ಗೆ 75 ಮಿ.ಮೀ. ಪೈಪ್. ಜೊತೆಗೆ ಡೋರ್ ಬೆಂಡ್ ಮತ್ತು ಡೋರ್ ಟೀ (ಬಿಚ್ಚುವ ಮುಚ್ಚಳ ಇರುವ ಬೆಂಡ್, ಟೀ), 45 ಡಿಗ್ರಿ ಬೆಂಡ್, ವೈ (Y ಆಕಾರದ ಜೋಡಣೆ), ಕ್ಲೀನ್‌ಔಟ್ ಪ್ಲಗ್, ವೆಂಟ್ ಕೌಲ್ (ವೆಂಟ್ ತುದಿಯ ಜಾಲರಿ ಟೋಪಿ), ಕ್ಲ್ಯಾಂಪು, ಸಾಲ್ವೆಂಟ್ (ಪಿವಿಸಿ ಅಂಟು), ರಬ್ಬರ್ ರಿಂಗ್ ಬೇಕು. ಸಲಕರಣೆಯಲ್ಲಿ ನಾಲ್ಕಡಿ ಉದ್ದದ ರಸಮಟ್ಟ, ಟ್ಯೂಬ್ ಲೆವೆಲ್, ಟೇಪು, ಗರಗಸ, ಅರ, ಪೈಪಿನ ಬಾಯಿ ಮುಚ್ಚಲು ಟೆಸ್ಟ್ ಪ್ಲಗ್ ಇದ್ದರೆ ಆಯಿತು.

ರಬ್ಬರ್ ರಿಂಗ್ ಜಾಯಿಂಟಿನಲ್ಲಿ ಒಂದು ಸಣ್ಣ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪೈಪನ್ನು ಪೂರ್ತಿ ಒಳಕ್ಕೆ ತಳ್ಳಿ, ಸಾಕೆಟ್ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ಆಮೇಲೆ 10 ಮಿ.ಮೀ. ಹೊರಗೆ ಎಳೆಯಬೇಕು. ಬಿಸಿಲಿಗೆ ಪೈಪ್ ಹಿಗ್ಗಲು ಆ ಜಾಗ ಬೇಕು. ರಿಂಗಿಗೆ ಸೋಪಿನ ನೀರು ಹಚ್ಚಿ. ಗ್ರೀಸ್, ಎಣ್ಣೆ ಹಚ್ಚಿದರೆ ರಬ್ಬರ್ ಹಾಳು.

ಹಂತ 3: ಸಂಕನ್ ಒಳಗೆ ಪೈಪ್ ಮತ್ತು ವಾಟ

ಅಡ್ಡ ಪೈಪಿಗೆ ಒಂದು ಅಡಿಗೆ ಕಾಲು ಇಂಚು ವಾಟ (ಇಳಿಜಾರು) ಕೊಡಿ. ನಹನಿ ಟ್ರ್ಯಾಪ್ ಹೊರಗೋಡೆಯಿಂದ ಎಂಟು ಅಡಿ ದೂರವಿದ್ದರೆ ಪೈಪ್ ಎರಡು ಇಂಚು ಇಳಿಯಬೇಕು. ಇದನ್ನು ಕಣ್ಣಳತೆಯಲ್ಲಿ ಬಿಡಬೇಡಿ. ನಾಲ್ಕಡಿ ರಸಮಟ್ಟವನ್ನು ಪೈಪಿನ ಮೇಲಿಟ್ಟು, ಇಳಿಜಾರಿನ ಕಡೆ ತುದಿಯ ಕೆಳಗೆ ಒಂದು ಇಂಚಿನ ಮರದ ತುಂಡು ಕೊಡಿ. ಗುಳ್ಳೆ ನಡುವೆ ನಿಂತರೆ ವಾಟ ಸರಿ ಇದೆ. ಹೀಗೆ ಪ್ರತಿ ಪೈಪಿನ ಮೇಲೂ ನೋಡಿ. ಐದೇ ನಿಮಿಷದ ಕೆಲಸ.

ಅಡ್ಡ ಪೈಪಿಗೆ ಮೂರು-ನಾಲ್ಕು ಅಡಿಗೊಂದು ಆಧಾರ ಇರಲಿ. ಇಟ್ಟಿಗೆ ಚೂರು ಕೊಟ್ಟು ಹಾಗೇ ಬಿಟ್ಟರೆ, ಸಂಕನ್ ತುಂಬುವಾಗ ಆಳು ಅದರ ಮೇಲೆ ನಿಂತ ಕೂಡಲೇ ಪೈಪ್ ಬಾಗುತ್ತದೆ. ಆ ಬಾಗಿನಲ್ಲಿ ನೀರು ನಿಂತು, ಕೂದಲು ಸೋಪು ಸೇರಿ ಗಟ್ಟಿಯಾಗುತ್ತದೆ. ಕೆಳಗೆ ಸಿಮೆಂಟ್ ಹಾಸು ಹಾಕಿಸುವುದೇ ಸರಿ. ಸಾಕೆಟ್ ಬಾಯಿ ನೀರು ಬರುವ ಕಡೆಗಿರಬೇಕು.

ವಾಷ್ ಬೇಸಿನ್ ನೀರನ್ನು ಮಲ್ಟಿ ಫ್ಲೋರ್ ಟ್ರ್ಯಾಪ್‌ನ (ಪಕ್ಕದಲ್ಲೂ ಬಾಯಿಗಳಿರುವ ನೆಲದ ಟ್ರ್ಯಾಪ್) ಪಕ್ಕದ ಬಾಯಿಗೆ ಕೊಡಿಸಿ. ದಿನಾ ಕೈ ತೊಳೆದ ನೀರು ಬೀಳುತ್ತಿದ್ದರೆ ಟ್ರ್ಯಾಪ್ ಒಣಗುವುದಿಲ್ಲ.

ಹಂತ 4: ಕ್ಲೀನ್‌ಔಟ್ ಎಲ್ಲೆಲ್ಲಿ ಬೇಕು?

ಪೈಪ್ ಕಟ್ಟಿಕೊಂಡಾಗ ಕಂಬಿ ಅಥವಾ ಸ್ಪ್ರಿಂಗ್ ತೂರಿಸಲು ಬಿಡುವ ಬಾಯಿಯೇ ಕ್ಲೀನ್‌ಔಟ್. ಇದು ಇಲ್ಲದಿದ್ದರೆ ಕಮೋಡು ಕೀಳಬೇಕು, ಇಲ್ಲವೇ ಪೈಪ್ ಕೊಯ್ಯಬೇಕು.

ಮೊದಲ ಜಾಗ, ಮೇಲಿಂದ ಇಳಿದ ಪ್ರತಿ ಪೈಪಿನ ಬುಡ. ನೀರು ನೆಟ್ಟಗೆ ಬಂದು ಅಡ್ಡ ತಿರುಗುವ ಜಾಗ ಇದು, ಕಟ್ಟಿಕೊಳ್ಳುವುದೂ ಇಲ್ಲೇ ಜಾಸ್ತಿ. ನೆಲದಿಂದ ಸುಮಾರು ಒಂದು ಅಡಿ ಮೇಲೆ ಡೋರ್ ಟೀ ಹಾಕಿಸಿ. ತಿರುವಿಗೆ 90 ಡಿಗ್ರಿಯ ಒಂದು ಬೆಂಡ್ ಬದಲು 45 ಡಿಗ್ರಿಯ ಎರಡು ಬೆಂಡ್ ಹಾಕಿಸಿ. ಖರ್ಚು ಅಂಥ ವ್ಯತ್ಯಾಸ ಇಲ್ಲ, ನೀರು ಮಾತ್ರ ಸಲೀಸಾಗಿ ಜಾರುತ್ತದೆ.

ಎರಡನೆಯದು, ಅಡ್ಡ ಲೈನ್ ಶುರುವಾಗುವ ಮೇಲಿನ ತುದಿ. ಯೂನಿಫಾರ್ಮ್ ಕೋಡ್ ಇದನ್ನು ಸ್ಪಷ್ಟವಾಗಿ ಕೇಳುತ್ತದೆ. ಮೇಲಿನ ತುದಿಯಿಂದ ತಳ್ಳಿದರೆ ಕಸ ನೀರು ಹರಿಯುವ ದಿಕ್ಕಿಗೇ ಹೋಗುತ್ತದೆ. ಎಂಟು-ಹತ್ತು ಅಡಿಯ ಲೈನಾದರೆ ಮಲ್ಟಿ ಫ್ಲೋರ್ ಟ್ರ್ಯಾಪ್‌ನ ಬಾಯಿಯಿಂದಲೇ ಕೆಲಸ ಆಗುತ್ತದೆ ಎನ್ನುತ್ತಾರೆ. ಆದರೆ ಟ್ರ್ಯಾಪ್‌ನ ತಿರುವಿನಲ್ಲಿ ಸ್ಪ್ರಿಂಗ್ ಸಿಕ್ಕಿಕೊಳ್ಳುವುದು ಮಾಮೂಲು. ಒಂದು ವೈ ಹಾಕಿ ಹೊರಗೋಡೆಯಲ್ಲೋ ನೆಲದಲ್ಲೋ ಪ್ಲಗ್ ಬಿಡಿಸಿ.

ಮೂರನೆಯದು ತಿರುವುಗಳು. ಯೂನಿಫಾರ್ಮ್ ಕೋಡ್ ಪ್ರಕಾರ ತಿರುವುಗಳೆಲ್ಲ ಸೇರಿ 135 ಡಿಗ್ರಿ ದಾಟಿದರೆ ಇನ್ನೊಂದು ಕ್ಲೀನ್‌ಔಟ್ ಬೇಕು. ಅಂದರೆ 90ರ ಎರಡು ಬೆಂಡ್ ಬಂದರೆ ಬೇಕೇ ಬೇಕು. ನೇರ ಲೈನಿನಲ್ಲಿ 100 ಅಡಿಗೊಂದು, ನಮ್ಮ ಸೈಟುಗಳಲ್ಲಿ ಆ ಮಾತೇ ಬರುವುದಿಲ್ಲ. ನೆಲದಡಿಯ ಲೈನಿನಲ್ಲಿ ತಿರುವಿಗೊಂದು, ಸೇರುವ ಕಡೆಗೊಂದು ಚೇಂಬರ್ ಇದ್ದರೆ ಚೇಂಬರೇ ಕ್ಲೀನ್‌ಔಟ್ ಆಗುತ್ತದೆ.

ಬಾಯಿಯ ಅಳತೆ ಪೈಪಿನಷ್ಟೇ ಇರಲಿ. ನಾಲ್ಕು ಇಂಚಿನ ಪೈಪಿಗೆ ಎರಡು ಇಂಚಿನ ಪ್ಲಗ್ ಇಟ್ಟರೆ ಕಂಬಿ ತಿರುಗುವುದಿಲ್ಲ. ಎರಡು ಇಂಚಿಗಿಂತ ದೊಡ್ಡ ಪೈಪಿನ ಮುಚ್ಚಳದ ಎದುರು ಎರಡು ಅಡಿ ಖಾಲಿ ಜಾಗ ಬೇಕು.

ತಪ್ಪುಗಳು ಆಗುವುದು ಹೀಗೆ. ಡೋರ್ ಗೋಡೆ ಕಡೆ ತಿರುಗಿರುತ್ತದೆ, ಏಕೆಂದರೆ ಮುಂದಿನಿಂದ ಅಂದವಾಗಿ ಕಾಣಲಿ ಎಂದು ಯಾರೋ ಹೇಳಿರುತ್ತಾರೆ. ಇಲ್ಲವೇ ಪ್ಲಗ್ ಮೇಲೆ ಟೈಲ್ಸ್ ಅಂಟಿಸಿರುತ್ತಾರೆ. ಪಾರ್ಕಿಂಗ್ ಕಡೆ ಗ್ರಾನೈಟ್ ಹಾಸಿ ಚೇಂಬರ್ ಮುಚ್ಚಿರುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ತಿರುಪಿನ ಮುಚ್ಚಳಕ್ಕೆ ಸಾಲ್ವೆಂಟ್ ಹಚ್ಚಿ ಶಾಶ್ವತವಾಗಿ ಅಂಟಿಸಿಬಿಡುವುದು. ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು, ಸೋರುವುದಿಲ್ಲ, ಬೇಕಾದಾಗ ಬಿಚ್ಚಬಹುದು. ಪೈಪ್ ಕೂರಿಸುವ ದಿನ ನೀವೇ ಅಲ್ಲಿ ನಿಂತು ಪ್ರತಿ ಮುಚ್ಚಳವನ್ನೂ ಕೈಯಲ್ಲಿ ಒಮ್ಮೆ ಬಿಚ್ಚಿ ಹಾಕಿ ನೋಡಿ. ನಿಮ್ಮ ಕೈಗೆ ಬಾರದ್ದು ನಾಳೆ ಪ್ಲಂಬರ್ ಕೈಗೂ ಬರುವುದಿಲ್ಲ.

ಹಂತ 5: ವೆಂಟ್ ಪೈಪ್

"ಇಲ್ಲಿ ಯಾರೂ ವೆಂಟ್ ಹಾಕ್ಸಲ್ಲ ಸಾರ್, ಏನೂ ಆಗಲ್ಲ" ಎನ್ನುವ ಮಾತು ಸೈಟಿನಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ವೆಂಟ್‌ಗೆ ಬೇಕಾಗುವುದು ಎರಡು ಉದ್ದ ಪೈಪು, ಒಂದು ಕೌಲ್, ನಾಲ್ಕೈದು ಕ್ಲ್ಯಾಂಪು.

ಕಮೋಡಿನ ಪೈಪು, ಸ್ನಾನದ ಪೈಪು, ಎರಡನ್ನೂ ಮೇಲಿನ ಮಹಡಿಯ ಜೋಡಣೆಗೆ ನಿಲ್ಲಿಸದೆ ತಾರಸಿವರೆಗೆ ಹಾಗೇ ಎತ್ತಿ. ಮೇಲಿನ ಭಾಗ ಗಾಳಿಗಷ್ಟೇ ಅಲ್ವಾ ಎಂದು ಪೈಪಿನ ಅಳತೆ ಇಳಿಸುವಂತಿಲ್ಲ. ಕೆಳಗೆ 110 ಇದ್ದರೆ ಮೇಲೂ 110.

ಎಷ್ಟು ಎತ್ತರ? ತಾರಸಿ ಪ್ಯಾರಪೆಟ್‌ಗಿಂತ 1.5 ಮೀಟರ್, ಹೆಚ್ಚುಕಡಿಮೆ ಐದು ಅಡಿ ಮೇಲೆ. ಮೂರು ಮೀಟರ್ ಒಳಗೆ ಕಿಟಕಿ ಇದ್ದರೆ ಅದರ ತಲೆಗಿಂತಲೂ ಅಷ್ಟು ಮೇಲೆ. ಪಕ್ಕದ ಮನೆ ನಿಮ್ಮದಕ್ಕಿಂತ ಎತ್ತರವಿದ್ದರೆ ಸಾಧ್ಯವಾದಷ್ಟೂ ಅದನ್ನೂ ದಾಟಿಸಬೇಕು. ನಮ್ಮ ಕಡೆ ಸೈಟುಗಳು ಒತ್ತೊತ್ತಾಗಿವೆ. ನಿಮ್ಮ ಪೈಪಿನ ಬಾಯಿ ಪಕ್ಕದವರ ಮಲಗುವ ಕೋಣೆಯ ಕಿಟಕಿ ಎದುರು ಬಂದರೆ ಅವರ ಪಾಡೇನು? ಓವರ್‌ಹೆಡ್ ಟ್ಯಾಂಕಿನಿಂದಲೂ ದೂರ ಇಡಿ. ತುದಿಗೆ ಕೌಲ್ ಹಾಕಿಸಿ, ಎಲೆ-ಹಕ್ಕಿ ಒಳಗೆ ಹೋಗುವುದಿಲ್ಲ.

ಕವಲು ವೆಂಟ್, ಅಂದರೆ ಟ್ರ್ಯಾಪ್ ಹತ್ತಿರದಿಂದ ಹೊರಟು ಮುಖ್ಯ ವೆಂಟ್‌ಗೆ ಸೇರುವ ಸಣ್ಣ ವೆಂಟ್, ಯಾವಾಗ ಬೇಕು? ಟ್ರ್ಯಾಪ್ ಮುಖ್ಯ ಪೈಪಿನಿಂದ ದೂರವಿದ್ದಾಗ. ಯೂನಿಫಾರ್ಮ್ ಕೋಡ್ ಮೂರು ಇಂಚಿನ ಪೈಪಿಗೆ ಆರು ಅಡಿ, ನಾಲ್ಕು ಇಂಚಿನದಕ್ಕೆ ಹತ್ತು ಅಡಿ ಎನ್ನುತ್ತದೆ. ಅದಕ್ಕಿಂತ ದೂರವಿದ್ದರೆ, ಅಥವಾ ಒಂದೇ ಅಡ್ಡ ಲೈನಿಗೆ ಎರಡು ಬಾತ್‌ರೂಮು ಸೇರಿದರೆ ಕವಲು ವೆಂಟ್ ಕೊಡಿ. ಟ್ರ್ಯಾಪ್‌ನ ನೆತ್ತಿಯಿಂದ 75 ರಿಂದ 450 ಮಿ.ಮೀ. ಒಳಗೆ, ಪೈಪಿನ ಮೇಲ್ಭಾಗದಿಂದ ತೆಗೆಯಬೇಕು. ಪಕ್ಕದಿಂದ ತೆಗೆದರೆ ಕೊಳೆ ಒಳಗೆ ಹೋಗಿ ವೆಂಟೇ ಕಟ್ಟಿಕೊಳ್ಳುತ್ತದೆ. ಕಮೋಡಿನ ಕವಲಿಗೆ ನ್ಯಾಷನಲ್ ಕೋಡ್ ಕೇಳುವುದು ಕನಿಷ್ಠ 32 ಮಿ.ಮೀ., ಆದರೆ ನಾನು 50 ಮಿ.ಮೀ.ಗಿಂತ ಕಡಿಮೆ ಹಾಕಿಸಲು ಹೇಳುವುದಿಲ್ಲ. ಆ ಕವಲು ಮೊದಲು ನೆಟ್ಟಗೆ ಮೇಲೇರಲಿ. ಬೇಸಿನ್ ಅಥವಾ ಕಮೋಡಿನ ಅಂಚಿಗಿಂತ ಆರು ಇಂಚು ಮೇಲೆ ಹೋದ ಮೇಲಷ್ಟೇ ಅಡ್ಡ ತಿರುಗಿಸಿ, ಮುಖ್ಯ ವೆಂಟ್‌ಗೆ ಸೇರಿಸಿ. ಆ ಅಡ್ಡ ಭಾಗಕ್ಕೂ ಸ್ವಲ್ಪ ವಾಟ ಬೇಕು, ಒಳಗೆ ಬೆವರಿದ ನೀರು ವಾಪಸ್ ಡ್ರೈನಿಗೆ ಇಳಿಯಲಿ.

ಕೆಳಮಹಡಿಯ ಕಮೋಡನ್ನು ಮೇಲಿನಿಂದ ಬಂದ ಪೈಪಿನ ಬುಡಕ್ಕೆ ಸೇರಿಸಬೇಡಿ. ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ, ಮೇಲೆ ಫ್ಲಶ್ ಮಾಡಿದಾಗ ಕೆಳಗೆ ನೀರು ಉಕ್ಕುತ್ತದೆ. ಅದಕ್ಕೆ ಪ್ರತ್ಯೇಕ ಲೈನ್ ಹಾಕಿ ನೇರ ಚೇಂಬರಿಗೆ ಕೊಡಿ.

ಇನ್ನು ತಾರಸಿಯಲ್ಲಿ ಆಮೇಲೆ ಆಗುವ ಅನಾಹುತಗಳು. ಬಾಡಿಗೆಗೆಂದು ಮೇಲೆ ಇನ್ನೊಂದು ಮಹಡಿ ಎತ್ತುತ್ತಾರೆ, ಹಳೆಯ ವೆಂಟನ್ನು ಮಾತ್ರ ಎತ್ತುವುದಿಲ್ಲ. ಅದು ಹೊಸ ಮನೆಯ ಕಿಟಕಿ ಕೆಳಗೆ ಬಾಯಿ ತೆರೆದು ನಿಂತಿರುತ್ತದೆ. ಸೋಲಾರ್ ಕೂರಿಸುವಾಗ ಅಡ್ಡ ಬಂತೆಂದು ಪೈಪ್ ಕೊಯ್ದು ಕ್ಯಾಪ್ ಹಾಕಿದ್ದನ್ನೂ ನೋಡಿದ್ದೇನೆ. ತಾರಸಿಯಲ್ಲಿ ಯಾವ ಕೆಲಸ ನಡೆದರೂ ವೆಂಟ್ ಬಾಯಿ ತೆರೆದೇ ಇದೆಯಾ ಎಂದು ಹತ್ತಿ ನೋಡಿ.

ಹಂತ 6: ಗಲ್ಲಿ ಟ್ರ್ಯಾಪ್, ಚೇಂಬರ್, ಸೆಪ್ಟಿಕ್ ಟ್ಯಾಂಕ್

ಸ್ನಾನದ ಪೈಪ್ ಗಲ್ಲಿ ಟ್ರ್ಯಾಪ್‌ನ ಜಾಲರಿ ಕೆಳಗೆ, ನಿಂತ ನೀರಿನ ಮೇಲೆ ಬಾಯಿ ಬಿಡಬೇಕು. ಕಮೋಡಿನ ಪೈಪಿಗೆ ಬುಡದಲ್ಲಿ ಇನ್ನೊಂದು ಟ್ರ್ಯಾಪ್ ಹಾಕಬೇಡಿ. ಕಮೋಡಿನೊಳಗೇ ಒಂದಿದೆ, ಎರಡರ ನಡುವೆ ಗಾಳಿ ಸಿಕ್ಕಿಕೊಂಡರೆ ನೀರು ಇಳಿಯುವುದಿಲ್ಲ. ಕಾಂಪೌಂಡ್ ಒಳಗೇ ಕೊನೆಯ ಚೇಂಬರ್ ಇರಲಿ. ತಳದಲ್ಲಿ ಪೈಪಿನ ಆಕಾರಕ್ಕೆ ಕಾಲುವೆ ಮಾಡಿಸಿ, ಪಕ್ಕಗಳನ್ನು ಇಳಿಜಾರಾಗಿ ಗಾರೆ ಮಾಡಿಸಿ.

ಸೆಪ್ಟಿಕ್ ಟ್ಯಾಂಕಿಗೂ ಅದರದ್ದೇ ವೆಂಟ್ ಬೇಕು, ಕನಿಷ್ಠ 50 ಮಿ.ಮೀ. ಬಾಯಿಗೆ ಸೊಳ್ಳೆ ಜಾಲರಿ ಕಟ್ಟಬೇಕು. ಟ್ಯಾಂಕು ಮನೆಯಿಂದ 15 ಮೀಟರ್ ಒಳಗಿದ್ದರೆ ಆ ಪೈಪ್ ಮನೆಯ ನೆತ್ತಿಗಿಂತ ಎರಡು ಮೀಟರ್ ಮೇಲೆ ಹೋಗಬೇಕು ಎನ್ನುತ್ತದೆ ಐಎಸ್ 2470. ನಮ್ಮ ಸೈಟುಗಳಲ್ಲಿ 15 ಮೀಟರ್ ದೂರ ಸಿಗುವುದು ಕನಸಿನ ಮಾತು, ಹಾಗಾಗಿ ಈ ಲೆಕ್ಕವನ್ನೇ ಹಿಡಿಯಿರಿ. ಮಂಡ್ಯ ಕಡೆ ನಾಲೆ, ಗದ್ದೆ ಪಕ್ಕದ ಸೈಟಾದರೆ ನಾಲೆಗೆ ನೀರು ಬಿಟ್ಟ ಕಾಲದಲ್ಲಿ ನೆಲದ ನೀರು ಎಷ್ಟು ಮೇಲೆ ಬರುತ್ತದೆ ಎಂದು ಅಕ್ಕಪಕ್ಕದವರನ್ನು ಕೇಳಿ, ಆಮೇಲೆ ಟ್ಯಾಂಕಿನ ಮಟ್ಟ ಗೊತ್ತು ಮಾಡಿ.

ಹಂತ 7: ಮುಚ್ಚುವ ಮುಂಚೆ ಪರೀಕ್ಷೆ

ಕೆಳಗಿನ ಬಾಯಿಗೆ ಟೆಸ್ಟ್ ಪ್ಲಗ್ ಹಾಕಿ ಪೈಪಿಗೆ ನೀರು ತುಂಬಿ. ಯೂನಿಫಾರ್ಮ್ ಕೋಡ್ ಹೇಳುವುದು ಹತ್ತು ಅಡಿ ಎತ್ತರದ ನೀರು, 15 ನಿಮಿಷ. ಸಂಕನ್ ಒಳಗಿನ ಲೈನನ್ನು ಒಂದು ರಾತ್ರಿ ತುಂಬಿಟ್ಟು ಬೆಳಿಗ್ಗೆ ಗುರುತು ನೋಡಿದರೆ ಇನ್ನೂ ಒಳ್ಳೆಯದು. ಮಟ್ಟ ಇಳಿದಿದ್ದರೆ ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಲ್ಲಿ ಒರೆಸಿ ಹುಡುಕಿ.

ಚೇಂಬರಿನಿಂದ ಚೇಂಬರಿಗೆ ಹೋಗುವ ಲೈನಿಗೆ ಚೆಂಡಿನ ಪರೀಕ್ಷೆ. ಪೈಪಿನ ಒಳ ಅಳತೆಗಿಂತ 13 ಮಿ.ಮೀ. ಚಿಕ್ಕದಾದ ನಯವಾದ ಚೆಂಡನ್ನು ಮೇಲಿನ ತುದಿಯಲ್ಲಿ ಬಿಡಿ. ಅದು ತಾನಾಗಿ ಉರುಳಿ ಕೆಳಗೆ ಬರಬೇಕು. ನಡುವೆ ನಿಂತರೆ ಒಳಗೆ ಗಾರೆ ಬಿದ್ದಿದೆ, ಇಲ್ಲವೇ ವಾಟ ತಪ್ಪಿದೆ.

ಎಲ್ಲ ಕೂರಿಸಿ ಟ್ರ್ಯಾಪ್‌ಗಳಿಗೆ ನೀರು ತುಂಬಿದ ಮೇಲೆ, ಮೇಲಿನ ಕಮೋಡಿಗೆ ಒಂದೇ ಸಲ ಒಂದು ಬಕೆಟ್ ನೀರು ಸುರಿಯಿರಿ. ಇನ್ನೊಬ್ಬರು ಕೆಳಗೆ, ಪಕ್ಕದ ಟ್ರ್ಯಾಪ್‌ನ ನೀರನ್ನು ಟಾರ್ಚ್ ಹಾಕಿ ನೋಡಬೇಕು. ನೀರು ಸ್ವಲ್ಪ ನಡುಗಿದರೆ ತೊಂದರೆ ಇಲ್ಲ. ಗುಳ್ಳೆ ಬಂದರೆ ಅಥವಾ ಮಟ್ಟ ಇಳಿದರೆ ವೆಂಟ್ ಸಾಲದು.

ಸಣ್ಣ ಸೋರಿಕೆ ಹಿಡಿಯಲು ಹಳೆಯ ಉಪಾಯ ಪೆಪ್ಪರ್‌ಮಿಂಟ್ ಎಣ್ಣೆ. ತಾರಸಿಯ ವೆಂಟ್ ಬಾಯಿಗೆ ಸುಮಾರು 50 ಮಿ.ಲೀ. ಎಣ್ಣೆ, ಹಿಂದೆಯೇ ಅರ್ಧ ಬಕೆಟ್ ಬಿಸಿ ನೀರು ಸುರಿದು ಬಾಯಿ ಕಟ್ಟಿ. ಮನೆಯೊಳಗೆ ಪೆಪ್ಪರ್‌ಮಿಂಟ್ ವಾಸನೆ ಎಲ್ಲಿ ಬಂತೋ ಅಲ್ಲೇ ಸೋರಿಕೆ. ಎಣ್ಣೆ ಸುರಿದವರು ಆಗಲೇ ಕೆಳಗೆ ಬರಬಾರದು, ಅವರ ಕೈ-ಬಟ್ಟೆಯ ವಾಸನೆಯೇ ದಾರಿ ತಪ್ಪಿಸುತ್ತದೆ. ಪರೀಕ್ಷೆ ಮುಗಿದ ಮೇಲೆ ಬಾಯಿ ಬಿಚ್ಚುವುದನ್ನು ಮರೆಯಬೇಡಿ.

ಕೊನೆಗೆ, ಸಂಕನ್ ತುಂಬುವ ಮುಂಚೆ ಟೇಪ್ ಹಿಡಿದು ಅಳತೆ ಕಾಣುವಂತೆ ಪ್ರತಿ ಪೈಪಿನ ಫೋಟೋ ತೆಗೆದಿಡಿ.

ಕಟ್ಟಿ ಮುಗಿದ ಮನೆಯಾದರೆ?

ಎಲ್ಲ ಒಡೆಯಬೇಕಾಗಿಲ್ಲ. ಹೊರಗೋಡೆಯ ಮೇಲಿರುವ ಪೈಪನ್ನು ತಾರಸಿವರೆಗೆ ಎತ್ತುವುದು ಒಂದು ದಿನದ ಕೆಲಸ. ಬುಡದಲ್ಲಿ ಪೈಪ್ ಕೊಯ್ದು ಡೋರ್ ಟೀ ಸೇರಿಸುವುದೂ ಅಷ್ಟೇ. ಒಳಗಿನ ಕವಲು ವೆಂಟ್‌ಗೆ ದಾರಿಯೇ ಇಲ್ಲದಿದ್ದರೆ ಏರ್ ಅಡ್ಮಿಟೆನ್ಸ್ ವಾಲ್ವ್ ಹಾಕಬಹುದು. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಆದ್ದರಿಂದ ತಾರಸಿಗೆ ಹೋಗುವ ಒಂದು ತೆರೆದ ವೆಂಟ್ ಬೇಕೇ ಬೇಕು.

ಯಾವ ಲಕ್ಷಣಕ್ಕೆ ಏನು ಅರ್ಥ?

ಊರಿಗೆ ಹೋಗಿ ಬಂದಾಗ ಮಾತ್ರ ವಾಸನೆ ಬಂದರೆ ಟ್ರ್ಯಾಪ್ ಒಣಗಿದೆ, ಅಷ್ಟೇ. ಬಳಸದ ಬಾತ್‌ರೂಮಿಗೆ ವಾರಕ್ಕೊಂದು ಚೊಂಬು ನೀರು ಹಾಕಿ. ಫ್ಲಶ್ ಮಾಡಿದಾಗಲೆಲ್ಲ ಗುಳುಗುಳು ಎಂದರೆ ವೆಂಟ್ ನೋಡಿ. ಒಂದೇ ಬೇಸಿನ್ ನಿಧಾನವಾಗಿ ಇಳಿದರೆ ಅದರ ಕೆಳಗಿನ ಟ್ರ್ಯಾಪ್‌ನಲ್ಲಿ ಕೂದಲು. ಮನೆಯ ಎಲ್ಲ ಬಾಯಿಗಳೂ ಒಟ್ಟಿಗೆ ನಿಧಾನವಾದರೆ ಕೊನೆಯ ಚೇಂಬರ್ ತೆಗೆದು ನೋಡಿ. ಅದು ತುಂಬಿದ್ದರೆ ತೊಂದರೆ ರಸ್ತೆ ಕಡೆ, ಖಾಲಿ ಇದ್ದರೆ ನಿಮ್ಮ ಲೈನಿನಲ್ಲಿ. ಕೆಳಗಿನ ಬಾತ್‌ರೂಮಿನಲ್ಲಿ ಕೊಳೆ ನೀರು ಉಕ್ಕಿದರೆ ಮೇಲೆ ಎಲ್ಲ ನಲ್ಲಿಗಳನ್ನೂ ತಕ್ಷಣ ನಿಲ್ಲಿಸಿ.

ಕ್ಲೀನ್‌ಔಟ್ ಬಿಚ್ಚುವಾಗ ಪಕ್ಕದಲ್ಲಿ ನಿಲ್ಲಿ, ಎದುರು ನಿಲ್ಲಬೇಡಿ. ಒಳಗೆ ನೀರು ನಿಂತಿದ್ದರೆ ಮುಖಕ್ಕೇ ಚಿಮ್ಮುತ್ತದೆ. ಮೊದಲು ಎರಡು ಸುತ್ತು ಸಡಿಲಿಸಿ, ನೀರು ಜಿನುಗುತ್ತದೆಯೇ ನೋಡಿ, ಅದು ಇಳಿದ ಮೇಲೆ ಪೂರ್ತಿ ತೆಗೆಯಿರಿ. ಮೊದಲೇ ಆಸಿಡ್ ಸುರಿದಿದ್ದರೆ ಪ್ಲಂಬರಿಗೆ ತಪ್ಪದೆ ಹೇಳಿ. ತೆರೆದ ಚೇಂಬರ್, ಸೆಪ್ಟಿಕ್ ಟ್ಯಾಂಕಿನ ಬಳಿ ಬೆಂಕಿಕಡ್ಡಿ, ಬೀಡಿ, ಸಿಗರೇಟು ಬೇಡವೇ ಬೇಡ. ಟ್ಯಾಂಕಿಗಾಗಲಿ ಮ್ಯಾನ್‌ಹೋಲಿಗಾಗಲಿ ಯಾರನ್ನೂ ಇಳಿಸಬೇಡಿ. ಒಳಗಿನ ಗ್ಯಾಸ್ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಸುರಕ್ಷತಾ ಸಾಧನವಿಲ್ಲದೆ ಇಳಿಸುವುದು 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್ ನಿಷೇಧ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಸಕ್ಕಿಂಗ್ ಮೆಷಿನ್ ಇರುವ ಗಾಡಿ ಕರೆಸಿ, ಹೊರಗೆ ನಿಂತೇ ಕೆಲಸ ಮುಗಿಸಿ.